‘ಕಾಂತಿಯ’ ಮತ್ತು ‘ಕಾಂತೀಯ’ – ಕಲೆಗಳಿರುವ ನಕ್ಷತ್ರಗಳ ಬಗ್ಗೆ ಬರೆಯುವಾಗ

ಎಲ್ಲರಿಗೂ ನಮಸ್ಕಾರ.

ಬಿವೈ ಡ್ರಾಕೊನಿಸ್ ಬಗೆಯ ನಕ್ಷತ್ರಗಳ ಕುರಿತು ಹೈಸ್ಕೂಲ್ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಪದಗಳ ಆಯ್ಕೆಯಲ್ಲಿ ಒಂದು ತೊಡಕಿದೆ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಇವು ಸೂರ್ಯನಿಗಿಂತ ತಂಪಾದ, ಕಿತ್ತಳೆ ಇಲ್ಲವೇ ಕೆಂಪು ಬಣ್ಣದ ಕುಬ್ಜ ನಕ್ಷತ್ರಗಳು. ಮೈಮೇಲೆ ದೊಡ್ಡ ದೊಡ್ಡ ಕಲೆಗಳಿರುತ್ತವೆ. ನಕ್ಷತ್ರ ತಿರುಗುತ್ತಾ ಕಲೆ ಜಾಸ್ತಿ ಇರುವ ಮಗ್ಗುಲು ನಮ್ಮ ಕಡೆ ಬಂದಾಗ ಬೆಳಕು ಸ್ವಲ್ಪ ಕುಗ್ಗುತ್ತದೆ. ಆಚೆ ಹೋದಾಗ ಮತ್ತೆ ಏರುತ್ತದೆ.

ಈ ಕಲೆಗಳಿಗೆ ಕಾರಣ ಕಾಂತಕ್ಷೇತ್ರ. ಅದು ಬಲವಾಗಿರುವ ಕಡೆ, ಒಳಗಿನಿಂದ ಕುದಿದು ಮೇಲೇಳುವ ಅನಿಲಕ್ಕೆ ತಡೆ ಬೀಳುತ್ತದೆ. ಶಾಖ ಮೇಲೆ ಬರಲಾಗದೆ ಆ ಜಾಗ ತಂಪಾಗಿ ಮಂಕಾಗುತ್ತದೆ. ಸೂರ್ಯನಲ್ಲೂ ಹೀಗೇ. ಮೇಲ್ಮೈ ಸುಮಾರು 5,770 ಕೆಲ್ವಿನ್ ಇದ್ದರೆ, ದೊಡ್ಡ ಕಲೆಯ ನಡುಭಾಗ ಸುಮಾರು 4,000. ಅಲ್ಲಿ ಬಲವಾದ ಕಾಂತಕ್ಷೇತ್ರ ಇದೆಯೆಂದು ಅಮೆರಿಕದ ಖಗೋಳ ವಿಜ್ಞಾನಿ ಜಾರ್ಜ್ ಹೇಲ್ 1908ರಲ್ಲಿ ರೋಹಿತದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯ) ಗೆರೆಗಳು ಸೀಳಿರುವುದನ್ನು ನೋಡಿ ತೋರಿಸಿಕೊಟ್ಟರು.

ತೊಡಕು ಬರುವುದು ಇಲ್ಲೇ. ‘ಕಾಂತೀಯ ಚಟುವಟಿಕೆ ಹೆಚ್ಚಿದರೆ ಕಾಂತಿಯ ಏರಿಳಿತವೂ ಹೆಚ್ಚಬಹುದು.’ ಈ ವಾಕ್ಯವನ್ನು ಒಮ್ಮೆ ಜೋರಾಗಿ ಓದಿ ನೋಡಿ. ‘ಕಾಂತೀಯ’ ಅಂದರೆ ಕಾಂತಕ್ಷೇತ್ರಕ್ಕೆ ಸಂಬಂಧಿಸಿದ್ದು, ‘ಕಾಂತಿಯ’ ಅಂದರೆ ಬೆಳಕಿನ, ಹೊಳಪಿನ. ಎರಡು ಪದಗಳ ನಡುವೆ ಇರುವ ವ್ಯತ್ಯಾಸ ಒಂದು ದೀರ್ಘ ಮಾತ್ರ. ಬೇರೆ ವಿಷಯವಾದರೆ ಹೇಗೋ ನಡೆದೀತು. ಇಲ್ಲಿ ಒಂದು ಕಾರಣ, ಇನ್ನೊಂದು ಪರಿಣಾಮ. ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ. ಅಚ್ಚಿನಲ್ಲಿ ದೀರ್ಘ ತಪ್ಪಿಹೋದರೆ ಮಗುವಿಗೆ ಅರ್ಥವೇ ಆಗುವುದಿಲ್ಲ.

‘ಅಯಸ್ಕಾಂತೀಯ’ ಅನ್ನಬಹುದು ನಿಜ. ಆದರೆ ಅಯಸ್ಸು ಅಂದರೆ ಕಬ್ಬಿಣ. ಆ ಪದ ಕೇಳಿದ ಕೂಡಲೇ ಕಣ್ಮುಂದೆ ಬರುವುದು ಕಬ್ಬಿಣದ ತುಂಡು. ನಕ್ಷತ್ರದಲ್ಲಿ ಕಾಂತಕ್ಷೇತ್ರ ಹುಟ್ಟುವುದು ವಿದ್ಯುತ್ ಹರಿಯಬಲ್ಲ ಬಿಸಿ ಅನಿಲದ ಓಡಾಟದಿಂದ. ಹಾಗಾಗಿ ‘ಕಾಂತೀಯ’ವನ್ನು ಹಾಗೇ ಉಳಿಸಿಕೊಂಡು, ‘ಕಾಂತಿ’ ಬದಲು ‘ಹೊಳಪು’ ಬಳಸುವುದೇ ಸರಿ ಅನ್ನಿಸುತ್ತದೆ. ‘ಹೊಳಪಿನ ಏರಿಳಿತ’ ಅಂದರೆ ಯಾರಿಗೂ ಗೊಂದಲವಿಲ್ಲ, ಅಲ್ವಾ?

‘ಕಲೆ’ಯ ಬಗ್ಗೆಯೂ ಒಂದು ಮಾತು. ‘ಸೌರಕಲೆ’ ಬಳಕೆಯಲ್ಲಿದೆ. ಅದೇ ದಾರಿಯಲ್ಲಿ ‘ತಾರಾಕಲೆ’ ಅಂದರೆ, ‘ಚಂದ್ರಕಲೆ’ ಗೊತ್ತಿರುವವರು ಇದನ್ನೂ ವೃದ್ಧಿ-ಕ್ಷಯ ಅಂದುಕೊಂಡಾರು. ‘ಮಚ್ಚೆ’ ಚೆನ್ನಾಗಿದೆ, ಆದರೆ ಮಚ್ಚೆ ಸಾಮಾನ್ಯವಾಗಿ ಮಾಸುವುದಿಲ್ಲ. ಈ ಕಲೆಗಳು ಮೂಡುತ್ತವೆ, ಕರಗುತ್ತವೆ, ಬೇರೆ ಕಡೆ ಹೊಸದಾಗಿ ಹುಟ್ಟುತ್ತವೆ. ಸದ್ಯಕ್ಕೆ ‘ನಕ್ಷತ್ರದ ಕಲೆ’ ಎಂದು ಬಿಡಿಸಿಯೇ ಬರೆಯುತ್ತಿದ್ದೇನೆ.

ಪಾಠ ಮಾಡುವವರು ತರಗತಿಯಲ್ಲಿ ಯಾವ ಪದ ಬಳಸುತ್ತೀರಿ? ‘ಹೊಳಪು’ ಪದಕ್ಕೆ ಏನಾದರೂ ಆಕ್ಷೇಪ ಇದ್ದರೆ ಅದನ್ನೂ ದಯವಿಟ್ಟು ತಿಳಿಸಿ.