ಹೋಮ್ ಮಕ್ಕಳನ್ನ ಕ್ಯಾಂಪ್‌ಗೆ ಕರ್ಕೊಂಡು ಹೋಗೋಕೆ ಏನೇನ್ ನೋಡ್ಕೋಬೇಕು?

ನಮ್ ಚರ್ಚ್ ಯೂತ್ಸ್ ಸೇರ್ಕೊಂಡು ಬೆಂಗಳೂರಿನ ಒಂದು ಹೋಮ್‌ನ 12 ಮಕ್ಕಳನ್ನ ಎರಡು ದಿನ ನಂದಿಬೆಟ್ಟದ ಕಡೆ ಕ್ಯಾಂಪ್‌ಗೆ ಕರ್ಕೊಂಡು ಹೋಗೋಣ ಅಂತಿದೀವಿ, ಅಪ್ಪ ಅಮ್ಮ ಇಲ್ದಿರೋ ಮಕ್ಳು, ಮೂರು ಜನ ವೀಲ್‌ಚೇರ್, ಒಬ್ಳಿಗೆ ಫಿಟ್ಸ್ ಬರುತ್ತೆ. ಯಾರಾದ್ರೂ ಮಾಡಿದೀರಾ?

ಉತ್ತರ 1: ಮೊದ್ಲು ಹೋಮ್‌ನೋರ ಕಡೆಯಿಂದ ಮಕ್ಕಳ ಕಲ್ಯಾಣ ಸಮಿತಿಗೆ (ಇಂಥ ಮಕ್ಕಳ ವಿಷ್ಯ ನೋಡ್ಕೊಳ್ಳೋ ಜಿಲ್ಲೆಯ ಸರ್ಕಾರಿ ಸಮಿತಿ) ಲೆಟರ್ ಹೋಗ್ಲಿ. ಫೋಟೋ ಸ್ಟೇಟಸ್‌ಗೆ ಹಾಕ್ಬೇಡಿ, 2015ರ ಬಾಲನ್ಯಾಯ ಕಾಯ್ದೆ 74ನೇ ಸೆಕ್ಷನ್‌ನಲ್ಲಿ ಗುರುತು ಬಯಲು ಮಾಡೋ ಹಾಗಿಲ್ಲ.

ಉತ್ತರ 2: ಟಾಯ್ಲೆಟ್ ಬಾಗ್ಲು ಟೇಪ್ ಹಿಡಿದು ಅಳೀರಿ ಮಾರಾಯ್ರೆ! ನಾವು ಹೋದಾಗ ರ‍್ಯಾಂಪ್ ಇದೆ ಅಂದ್ರು, ಇತ್ತು, ಆದ್ರೆ ಬಾಗ್ಲೊಳಗೆ ವೀಲ್‌ಚೇರೇ ಹೋಗ್ಲಿಲ್ಲ, ಎರಡು ದಿನ ಎತ್ಕೊಂಡೇ ಓಡಾಡಿದ್ವಿ. ಫಿಟ್ಸ್ ಮಾತ್ರೆ ಟೈಮ್ ತಪ್ಪಬಾರ್ದು. ಪ್ರಾರ್ಥನೆಗೆ ಬಲವಂತ ಬೇಡ (ನಾನೂ ಚರ್ಚ್‌ನೋನೇ).

ಥ್ಯಾಂಕ್ಸ್ ಅಣ್ಣ, ಬಾಗ್ಲು ವಿಷ್ಯ ಹೊಳ್ದೇ ಇರ್ಲಿಲ್ಲ, ಶನಿವಾರ ಹೋಗಿ ಅಳೀತೀವಿ.