ಸರಿ ಉತ್ತರಕ್ಕೂ ‘ತಪ್ಪು’ ತೋರಿಸುತ್ತಿದೆ: ದಶಮಾಂಶ–ಶೇಕಡಾ ಶೀಟ್

ಏಳನೇ_ಕ್ಲಾಸ್_ಟೀಚರ್:
ದಶಮಾಂಶವನ್ನು ಶೇಕಡಾಕ್ಕೆ ಬದಲಿಸುವ ಅಭ್ಯಾಸಕ್ಕೆ ಕಂಪ್ಯೂಟರ್‌ನಲ್ಲಿ ಒಂದು ಸ್ಪ್ರೆಡ್‌ಶೀಟ್ ಮಾಡಿದ್ದೇನೆ. ಎ ಕಾಲಂನಲ್ಲಿ ಲೆಕ್ಕ, ಬಿ ಕಾಲಂನಲ್ಲಿ ಮಕ್ಕಳ ಉತ್ತರ. ಎ ಇಂಟು 100, ಬಿಗೆ ಸಮ ಇದ್ದರೆ ‘ಸರಿ’, ಇಲ್ಲದಿದ್ದರೆ ‘ತಪ್ಪು’. ಅಷ್ಟೇ ಸೂತ್ರ. 0.375ಕ್ಕೆ ಒಬ್ಬಳ ಉತ್ತರ ಸರಿ ಅನ್ನುತ್ತೆ. ಪಕ್ಕದವಳು ಅದೇ ಉತ್ತರ ಬರೆದರೆ ತಪ್ಪು! ಅರ್ಧ ಕ್ಲಾಸ್ ಮುಖ ಸಪ್ಪಗೆ ಮಾಡಿಕೊಂಡು ಕೂತಿದೆ. ನಾಳೆ ಮತ್ತೆ ಲ್ಯಾಬ್ ಪೀರಿಯಡ್ ಇದೆ, ಬೇಗ ಹೇಳಿ.

ಕೋಡ್_ಕುಂದಾಪುರ:
ಪಕ್ಕಾ ಫ್ಲೋಟಿಂಗ್ ಪಾಯಿಂಟ್ (ಕಂಪ್ಯೂಟರ್ ದಶಮಾಂಶಗಳನ್ನು ಇಟ್ಟುಕೊಳ್ಳುವ ರೀತಿ) ಸಮಸ್ಯೆ. 0.29 ಅನ್ನೋದು ಕಂಪ್ಯೂಟರ್ ಒಳಗೆ ಪೂರ್ತಿ ಕೂರೋದಿಲ್ಲ. 100ರಿಂದ ಗುಣಿಸಿದರೆ 28.999999999999996 ಆಗುತ್ತೆ. ರೌಂಡ್ (ಸಂಖ್ಯೆಯನ್ನು ಬೇಕಾದಷ್ಟು ಸ್ಥಾನಕ್ಕೆ ಸರಿಹೊಂದಿಸುವ ಫಂಕ್ಷನ್) ಹಾಕಿ.

ಏಳನೇ_ಕ್ಲಾಸ್_ಟೀಚರ್:
ಹಾಕಿದೆ. ಹಾಗೇ ಇದೆ.

ಕೋಡ್_ಕುಂದಾಪುರ:
ಬಿಗೂ ಹಾಕಿದ್ರಾ? ಎರಡೂ ಕಡೆ ಹಾಕಬೇಕು.

ಶಿರಸಿ_ಲಿನಕ್ಸ್:
ಎಕ್ಸೆಲ್ಲಾ, ಗೂಗಲ್ ಶೀಟ್ಸಾ, ಲಿಬ್ರೆ ಆಫೀಸಾ?

ಏಳನೇ_ಕ್ಲಾಸ್_ಟೀಚರ್:
ಯಾವುದಾದರೇನು, ಸೂತ್ರ ಒಂದೇ ತಾನೇ? ರೌಂಡ್ ಎರಡೂ ಕಡೆ ಹಾಕಿದೆ. ಏನೂ ಆಗಿಲ್ಲ.

ಚಾಕ್‌ಪೀಸ್:
ಶೀಟ್ ಯಾಕೆ ಬೇಕು? ಚುಕ್ಕೆಯನ್ನು ಎರಡು ಸ್ಥಾನ ಬಲಕ್ಕೆ ಸರಿಸಿ ಅಂದರೆ ಮುಗೀತು.

ಗ್ರಾಫ್_ಹಾಳೆ:
ಸುಮ್ನೆ ಚುಕ್ಕೆ ಸರಿಸಿ ಅನ್ನೋದರಿಂದಲೇ ಮಕ್ಕಳು 0.4ಕ್ಕೆ 4% ಬರೆಯೋದು. ನೂರು ಚೌಕದ ಹಾಳೆಯಲ್ಲಿ 0.4 ಭಾಗಕ್ಕೆ ಬಣ್ಣ ಹಚ್ಚಿಸಿ. ನಾಲ್ಕು ಸಾಲು ತುಂಬುತ್ತೆ, 40 ಚೌಕ ಕಣ್ಣಿಗೇ ಕಾಣುತ್ತೆ.

ಚಾಕ್‌ಪೀಸ್:
1.25 ಬಂದರೆ? ಹಾಳೆ ಸಾಲಲ್ಲ.

ಗ್ರಾಫ್_ಹಾಳೆ:
ಇನ್ನೊಂದು ಹಾಳೆ ತಗೊಳ್ಳಿ. ಒಂದು ಪೂರ್ತಿ, ಇನ್ನೊಂದರಲ್ಲಿ 25 ಚೌಕ. 125%. ಶೇಕಡಾ ನೂರು ದಾಟೋದೇ ಇಲ್ಲ ಅಂತ ನಂಬಿರುವ ಮಕ್ಕಳು ಜಾಸ್ತಿ. ಅವರಿಗೆ ಇದನ್ನು ತೋರಿಸಲೇಬೇಕು.

ಕೋಡ್_ಕುಂದಾಪುರ:
ವಿಷಯಕ್ಕೆ ಬನ್ನಿ. ರೌಂಡ್‌ನಲ್ಲಿ ಎಷ್ಟು ಸ್ಥಾನ ಕೊಟ್ಟಿದ್ದೀರಿ?

ಹಾಸನದವ:
ರೌಂಡ್ ಬಿಡಿ ಸರ್. 0.375 ಅಂದರೆ 3/8. ಎಂಟು ಅನ್ನೋದು ಎರಡರ ಘಾತ, ಕಂಪ್ಯೂಟರ್ ಸಂಖ್ಯೆ ಇಡೋದೂ ಎರಡರ ಘಾತಗಳಲ್ಲೇ, ಹಾಗಾಗಿ ಆ ಸಂಖ್ಯೆ ಚೂರೂ ವ್ಯತ್ಯಾಸವಿಲ್ಲದೆ ಕೂರುತ್ತೆ. ಮೇಡಂ, ‘ತಪ್ಪು’ ಬಂದವರು % ಚಿಹ್ನೆ ಹಾಕಿದ್ದಾರಾ?

ಏಳನೇ_ಕ್ಲಾಸ್_ಟೀಚರ್:
ಶೇಕಡಾ ಅಂದ ಮೇಲೆ ಹಾಕಬೇಕಲ್ವಾ? ಕೆಲವರು ಮರೆತು ಬರೀ 37.5 ಬರೆಯುತ್ತಾರೆ.

ಹಾಸನದವ:
ಅಲ್ಲೇ ಇರೋದು. 37.5% ಅಂತ ಟೈಪ್ ಮಾಡಿದರೆ ಸೆಲ್‌ನಲ್ಲಿ ಕಾಣೋದು 37.50%, ಒಳಗೆ ಇರೋದು 0.375. ನಿಮ್ಮ ಸೂತ್ರ ಅದನ್ನು 37.5ರ ಜೊತೆ ಹೋಲಿಸುತ್ತಿದೆ. ಚಿಹ್ನೆ ಮರೆತವರಿಗೇ ‘ಸರಿ’ ಸಿಗುತ್ತಿದೆ.

ಕೋಡ್_ಕುಂದಾಪುರ:
ಹಾಗಾದರೆ ಬಿ, ಎಗೆ ಸಮ ಇದ್ದರೂ ‘ಸರಿ’ ಅನ್ನಿಸಿಬಿಡಿ.

ಹಾಸನದವ:
ಬೇಡ. ಲೆಕ್ಕವನ್ನೇ ನಕಲು ಮಾಡಿ 0.375 ಬರೆದವನಿಗೂ ಸರಿ ಸಿಗುತ್ತೆ. ಬಿ ಕಾಲಂ ಅನ್ನು ಪ್ಲೇನ್ ಟೆಕ್ಸ್ಟ್ (ಟೈಪ್ ಮಾಡಿದ್ದು ಹಾಗೇ ಉಳಿಯುವ ಬರೀ ಅಕ್ಷರ) ಮಾಡಿ, ಹಳೇ ಉತ್ತರ ಅಳಿಸಿ ಮತ್ತೆ ಟೈಪ್ ಮಾಡಿಸಿ. ಎ ಇಂಟು 100ಕ್ಕೆ ರೌಂಡ್ ಹಾಕಿ, & ಕೊಟ್ಟು "%" ಜೋಡಿಸಿ, ಅದನ್ನು ಬಿ ಜೊತೆ ಹೋಲಿಸಿ.

ಏಳನೇ_ಕ್ಲಾಸ್_ಟೀಚರ್:
ಬಂತು! ತುಂಬಾ ಥ್ಯಾಂಕ್ಸ್. ಆದರೆ 37.50% ಅಂತ ಬರೆದು ನೋಡಿದೆ, ತಪ್ಪು ತೋರಿಸುತ್ತಿದೆ. ಅದೂ ಸರಿ ಉತ್ತರವೇ ತಾನೇ?

ಕೋಡ್_ಕುಂದಾಪುರ:
ಬಿಗೂ ರೌಂಡ್ ಹಾಕಿ ಅಂತ ಆಗಲೇ ಹೇಳಿದ್ದೆ.

ಹಾಸನದವ:
ಈಗ ಅದು ಟೆಕ್ಸ್ಟ್ ಸರ್. ಮೇಡಂ, ರೈಟ್ ಫಂಕ್ಷನ್‌ನಿಂದ ಕೊನೇ ಅಕ್ಷರ % ಹೌದಾ ನೋಡಿ. ಬಿಗೆ ವ್ಯಾಲ್ಯೂ (ಟೆಕ್ಸ್ಟನ್ನು ಸಂಖ್ಯೆ ಮಾಡುವ ಫಂಕ್ಷನ್) ಕೊಟ್ಟರೆ ಎಗೆ ಸಮ ಬರುತ್ತಾ ನೋಡಿ. ಎರಡೂ ನಿಜವಿದ್ದರೆ ಮಾತ್ರ ‘ಸರಿ’ ಬರುವಂತೆ ಎರಡನ್ನೂ ಆಂಡ್ ಒಳಗೆ ಹಾಕಿ.