ಕಾರಿನಡಿ ಎಂಜಿನ್ ಆಯಿಲ್ ಹನಿಯುತ್ತಿದೆ: ಚೇಂಬರ್ ಪ್ಯಾಕಿಂಗ್ ಬಿಚ್ಚುವ ಮೊದಲು ಏನು ನೋಡಬೇಕು?

ಪ್ರಶ್ನೆ (ಕಾವೂರು, ಮಂಗಳೂರು)

ನಮ್ಮಲ್ಲಿರುವುದು 2009ರ ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು, ಓಡಿರುವುದು 92,000 ಕಿ.ಮೀ. ಮಳೆಗಾಲದಲ್ಲಿ ಅಂಗಳದ ನೀರು ಎಲ್ಲವನ್ನೂ ತೊಳೆದುಬಿಡುತ್ತಿದ್ದುದರಿಂದ ಏನೂ ಗಮನಕ್ಕೆ ಬಂದಿರಲಿಲ್ಲ. ನವರಾತ್ರಿಯ ಬಳಿಕ ಇಂಟರ್‌ಲಾಕ್ ಒಣಗಿದ ಮೇಲೆ ದಿನವೂ ಬೆಳಿಗ್ಗೆ ನಾಣ್ಯದಗಲದ ಎರಡು ಮೂರು ಕಪ್ಪು ಕಲೆಗಳು ಕಾಣುತ್ತಿವೆ. ಮೂರು ವಾರದಲ್ಲಿ ಡಿಪ್‌ಸ್ಟಿಕ್‌ನ ಮಟ್ಟ ಮೇಲಿನ ಗುರುತಿನಿಂದ ಹೆಚ್ಚುಕಡಿಮೆ ನಡುವಿಗೆ ಇಳಿದಿದೆ, ಸಿಗ್ನಲಿನಲ್ಲಿ ನಿಂತಾಗ ಸುಟ್ಟ ಎಣ್ಣೆಯ ವಾಸನೆಯೂ ಬರುತ್ತದೆ. ಗ್ಯಾರೇಜಿನಲ್ಲಿ ಅಡಿಯಿಂದ ನೋಡಿದವರು ಚೇಂಬರ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಪ್ಯಾಕಿಂಗ್ ಹೋಗಿದೆ ಎಂದು ಹೇಳಿದರು. ಅದನ್ನು ಮಾಡಿಸುವ ಮೊದಲು ಮನೆಯಲ್ಲಿಯೇ ಖಚಿತಪಡಿಸಿಕೊಳ್ಳುವ ದಾರಿ ಇದ್ದರೆ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಬ್ರಹ್ಮಾವರ)

ತಾವು ಕೊಟ್ಟ ವಿವರದಲ್ಲಿಯೇ ಒಂದು ಸುಳಿವಿದೆ. ಸಣ್ಣ ಕಾರುಗಳಲ್ಲಿ ಡಿಪ್‌ಸ್ಟಿಕ್‌ನ ಎರಡು ಗುರುತುಗಳ ನಡುವೆ ಸಾಮಾನ್ಯವಾಗಿ ಒಂದು ಲೀಟರಿನಷ್ಟು ಅಂತರವಿರುವುದರಿಂದ ತಮ್ಮ ಕಾರಿನಲ್ಲಿ ಸುಮಾರು ಅರ್ಧ ಲೀಟರ್ ಹೋಗಿದೆ. ಇಪ್ಪತ್ತು ಹನಿ ಸೇರಿದರೂ ಹೆಚ್ಚೆಂದರೆ ಒಂದು ಮಿಲಿ ಲೀಟರ್ ಆಗುತ್ತದೆ. ರಾತ್ರಿ ಬೀಳುವ ನಾಲ್ಕಾರು ಹನಿಗಳಿಂದ ಮೂರು ವಾರದಲ್ಲಿ ಅಷ್ಟು ಎಣ್ಣೆ ಖಾಲಿಯಾಗಲಾರದು. ಹೆಚ್ಚಿನ ಭಾಗ ಎಂಜಿನ್ ಓಡುವಾಗ ಹೋಗುತ್ತಿದೆ, ಸುಟ್ಟ ವಾಸನೆಯಿರುವುದರಿಂದ ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಬೀಳುತ್ತಿದೆ. ಚೇಂಬರ್ ಇರುವುದು ಎಂಜಿನ್ನಿನ ತಳದಲ್ಲಿ. ಅಲ್ಲಿಂದ ಸೋರಿದ ಎಣ್ಣೆ ಮೇಲೇರಿ ಸೈಲೆನ್ಸರಿನ ಬುಡಕ್ಕೆ ತಾಗುವುದು ಕಷ್ಟ. ಆದ್ದರಿಂದ ನನ್ನ ಸಂಶಯ ಟ್ಯಾಪೆಟ್ ಕವರಿನ (ಎಂಜಿನ್ನಿನ ಮೇಲ್ತುದಿಯ ಮುಚ್ಚಳ) ಪ್ಯಾಕಿಂಗ್ ಮೇಲಿದೆ.

ಎಣ್ಣೆ ಮೇಲಿಂದ ಇಳಿಯುತ್ತದೆ, ಓಟದ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹೀಗಾಗಿ ತಳದಲ್ಲಿ ಒದ್ದೆ ಕಂಡಿತೆಂದು ಸೋರಿಕೆಯೂ ತಳದಲ್ಲಿಯೇ ಎನ್ನುವುದು ಅವಸರದ ತೀರ್ಮಾನ. ಎಂಜಿನ್ ಪೂರ್ತಿ ತಣಿದ ಮೇಲೆ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಹಾಕಿ ಬ್ರಶ್‌ನಿಂದ ಉಜ್ಜಿ, ಬನಿಯನ್ ವೇಸ್ಟ್‌ನಿಂದ ಚೆನ್ನಾಗಿ ಒರೆಸಿರಿ. ಸಂದೇಹವಿರುವ ಜೋಡಣೆಗಳ ಮೇಲೆ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ ಎಂಜಿನ್ನನ್ನು ಹದಿನೈದು ನಿಮಿಷ ಓಡಿಸಿ, ಟಾರ್ಚ್ ಹಿಡಿದು ನೋಡಿರಿ. ಪೌಡರ್ ಎಲ್ಲಿ ಮೊದಲು ಕಪ್ಪಾಗುತ್ತದೆಯೋ ಅದರಲ್ಲಿ ಅತ್ಯಂತ ಮೇಲಿನ ಜಾಗವೇ ಮೂಲ. ಟ್ಯಾಪೆಟ್ ಕವರ್ ಒಣಗಿಯೇ ಇದ್ದರೆ ಕ್ರಮವಾಗಿ ಆಯಿಲ್ ಪ್ರೆಶರ್ ಸ್ವಿಚ್, ಆಯಿಲ್ ಫಿಲ್ಟರ್ ಮತ್ತು ಡ್ರೈನ್ ನಟ್ಟಿನ ವಾಷರನ್ನು ನೋಡಬೇಕು. ಗೇರ್‌ಬಾಕ್ಸ್ ಸೇರುವಲ್ಲಿ ಮಾತ್ರ ಹನಿಯುತ್ತಿದ್ದರೆ ಅದು ಹಿಂಬದಿಯ ಕ್ರ್ಯಾಂಕ್ ಸೀಲ್ (ತಿರುಗುವ ಕ್ರ್ಯಾಂಕ್ ದಂಡದ ತುದಿಯಲ್ಲಿ ಎಣ್ಣೆ ತಡೆಯುವ ಬಳೆ) ಇರಬಹುದು, ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕಾದ್ದರಿಂದ ಅದು ಮನೆಯ ಕೆಲಸವಲ್ಲ. ಟೈಮಿಂಗ್ ಬೆಲ್ಟ್ ಕವರಿನ ಕಡೆ ಎಣ್ಣೆ ಕಂಡರೆ ತಡಮಾಡಬೇಡಿ. ಎಣ್ಣೆ ತಾಗಿದ ಬೆಲ್ಟಿನ ರಬ್ಬರ್ ಊದಿ ಕೆಡುತ್ತದೆ.

ಅಡಿಗೆ ಹೋಗುವುದಾದರೆ ಜಾಕಿಯೊಂದನ್ನೇ ನಂಬಿ ದಯವಿಟ್ಟು ಹೋಗಬೇಡಿ. ಸಮತಟ್ಟಾದ ನೆಲದಲ್ಲಿ ಸ್ಟ್ಯಾಂಡ್ ಕೊಟ್ಟ ಮೇಲಷ್ಟೇ ಹೋಗಬೇಕು. ಒರೆಸಿದ ಎಣ್ಣೆಯನ್ನು ಚರಂಡಿಗೆ ಬಿಡಬಾರದು. ನಮ್ಮ ಕಡೆ ಬಾವಿಯೂ ಅಂಗಳದಲ್ಲಿಯೇ ಇರುತ್ತದಲ್ಲವೇ?

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆಯೇ ಭಾನುವಾರ ಮಾಡಿ ನೋಡಿದೆನು. ಚೇಂಬರಿನ ಸುತ್ತಲಿನ ಪೌಡರ್ ಬೆಳ್ಳಗೆಯೇ ಉಳಿಯಿತು; ಟ್ಯಾಪೆಟ್ ಕವರಿನ ಹಿಂಬದಿಯ ಮೂಲೆಯಿಂದ ಸೈಲೆನ್ಸರಿನ ಕಡೆಗೆ ಕಪ್ಪು ಗೆರೆ ಇಳಿದಿತ್ತು. ಬಿಚ್ಚಿದ ಪ್ಯಾಕಿಂಗ್ ರಬ್ಬರ್ ಎನ್ನುವ ಹಾಗೇ ಇರಲಿಲ್ಲ, ಬಗ್ಗಿಸಿದರೆ ಮುರಿಯುತ್ತಿತ್ತು. ಹೊಸದನ್ನು ತಂದಿದ್ದೇನೆ. ಅಂಗಡಿಯವರು ಅದರ ಸುತ್ತಲೂ ಸಿಲಿಕೋನ್ ಹಚ್ಚಲು ಹೇಳಿದರು. ಅದು ಸರಿಯೇ?

ಉತ್ತರ (ಮಣಿಪಾಲ)

ಸುತ್ತಲೂ ಹಚ್ಚಬಾರದು. ಹೆಚ್ಚಾದ ಸಿಲಿಕೋನ್ ಒಳಕ್ಕೆ ಒತ್ತಿಕೊಂಡು ತುಂಡಾಗಿ ಬಿದ್ದರೆ ಆಯಿಲ್ ಪಂಪಿನ ಜಾಲರಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಸರ್ವಿಸ್ ಪುಸ್ತಕ ಸೂಚಿಸಿದ ಮೂಲೆಗಳಲ್ಲಿ ಮಾತ್ರ ಒಂದು ಚುಕ್ಕೆ ಸಾಕು. ಎರಡೂ ಮುಖಗಳಲ್ಲಿ ಹಳೆಯ ಚೂರು ಉಳಿಯದಂತೆ ಒರೆಸಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಇಂಥ 6 ಮಿ.ಮೀ. ನಟ್ಟುಗಳಿಗೆ ಸಾಮಾನ್ಯವಾಗಿ 8ರಿಂದ 11 ನ್ಯೂಟನ್ ಮೀಟರ್ ಬಿಗಿತ ಸಾಕು, ತಮ್ಮ ಕಾರಿನ ಪುಸ್ತಕದಲ್ಲಿರುವ ಅಂಕಿಯನ್ನೇ ಪಾಲಿಸಿರಿ. ಸೋರಿಕೆ ನಿಲ್ಲಲೆಂದು ಬಲವಾಗಿ ಬಿಗಿದರೆ ಕವರ್ ಬಾಗಿ ಮತ್ತೆ ಸೋರುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಕೇಳಿಲ್ಲ. ಪಿಸಿವಿ ವಾಲ್ವನ್ನು ನೋಡಿದಿರಾ? ಚೇಂಬರಿನೊಳಗೆ ಸೇರುವ ಅನಿಲ ಹೊರಹೋಗುವ ದಾರಿ ಅದು. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಹೊಸ ಪ್ಯಾಕಿಂಗನ್ನೂ ದಾಟಿ ಎಣ್ಣೆ ಹೊರಬರುತ್ತದೆ. ಕಳಚಿ ಅಲುಗಾಡಿಸಿದರೆ ಒಳಗೆ ಟಕಟಕ ಸದ್ದಾಗಬೇಕು. ಆಮೇಲೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಒಂದು ಕಾಗದವನ್ನಿಡಿ. ಕಾಗದ ಹಾರದೆ ನಿಂತರೆ ಸರಿ, ತುಸು ಒಳಕ್ಕೆ ಎಳೆದುಕೊಂಡರೆ ಇನ್ನೂ ಒಳ್ಳೆಯದು. ಜೋರಾಗಿ ಹಾರಿದರೆ ಪಿಸ್ಟನ್ ರಿಂಗುಗಳ ಸವೆತವನ್ನೂ ಪರೀಕ್ಷಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ವಾಲ್ವನ್ನು ಅಲುಗಾಡಿಸಿದರೆ ಸದ್ದೇ ಇರಲಿಲ್ಲ, ಒಳಗೆ ಕಪ್ಪು ಜಿಗುಟು ತುಂಬಿಕೊಂಡಿತ್ತು. ಹೊಸ ವಾಲ್ವ್ ಹಾಕಿ, ಪ್ಯಾಕಿಂಗ್ ಕೂರಿಸಿ, ಟಾರ್ಕ್ ರೆಂಚನ್ನು (ಬಿಗಿತ ಅಳೆದು ಬಿಗಿಯುವ ಸ್ಪ್ಯಾನರ್) ಪರಿಚಯದವರಿಂದ ಎರವಲು ತಂದು ಬಿಗಿದೆನು. ಕಾಗದ ತುಸು ಒಳಕ್ಕೇ ಎಳೆಯುತ್ತದೆ. ಆಯಿಲನ್ನು ಮೇಲಿನ ಗುರುತಿಗೆ ತುಂಬಿಸಿ, ಕಾರ್ಕಳಕ್ಕೆ ಎರಡು ಬಾರಿ ಹೋಗಿ ಬಂದೆನು. ಹದಿನೆಂಟು ದಿನಗಳಿಂದ ಅಡಿಯಲ್ಲಿ ಹಾಸಿರುವ ರಟ್ಟು ಒಣಗಿಯೇ ಇದೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿದಿಲ್ಲ. ಸುಟ್ಟ ವಾಸನೆ ಮೊದಲ ದಿನ ಸ್ವಲ್ಪ ಇತ್ತು, ಕೊಳವೆಯ ಮೇಲಿದ್ದ ಹಳೆಯ ಎಣ್ಣೆ ಉರಿದುಹೋದ ಮೇಲೆ ಅದೂ ನಿಂತಿತು. ಇಬ್ಬರಿಗೂ ಮನಃಪೂರ್ವಕ ವಂದನೆಗಳು.